ಒಂದನೇ ಮಹಡಿಯಲ್ಲಿ ನಿಲ್ಲದ ಲಿಫ್ಟು

ಗೋಡೆಯ ಹಿಂದೆ ಲಿಫ್ಟು ಮೇಲೇರುವ ಸದ್ದು ಕೇಳಿದಾಗ ಮೇಷ್ಟ್ರು ಹೆಂಡತಿಯ ಬಲಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಪಾದವನ್ನು ಮೆಲ್ಲಗೆ ಹಿಂದಕ್ಕೆ ಒತ್ತುತ್ತಿದ್ದರು. ಸದ್ದು ಹತ್ತಿರ ಬಂತು, ಮಂಚದ ತಲೆಗಡೆಯ ಗೋಡೆ ಸಣ್ಣಗೆ ಗುಂಯ್‌ಗುಟ್ಟಿತು, ಆಮೇಲೆ ಸದ್ದು ಮೇಲಕ್ಕೆ ದಾಟಿಹೋಯಿತು. ಅಷ್ಟರಲ್ಲಿ ಮೇಷ್ಟ್ರ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿ ಹಿಡಿದಿತ್ತು.

“ನೀವು ಎಷ್ಟು ಬ್ರೇಕ್ ಹಾಕಿದ್ರೂ ಅದು ಇಲ್ಲಿ ನಿಲ್ಲಲ್ಲ ರೀ,” ಎಂದರು ಹೆಂಡತಿ.

ಪಾರ್ಶ್ವವಾಯು ಹೊಡೆದ ಮೇಲೆ ಅವರ ಮಾತು ಕೊಂಚ ತೊದಲುತ್ತದೆ. ಹರಿತ ಮಾತ್ರ ಕಡಿಮೆಯಾಗಿಲ್ಲ.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ, ಕಾರು ಓಡಿಸಲು ಕಲಿಸುವವರು. ಅವರ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ. ಕಲಿಯುವವರ ತಪ್ಪನ್ನು ತಡೆಯಲು ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅರ್ಧ ಆಯುಷ್ಯ ಕಳೆದಿದ್ದಾರೆ. ಹಾಗಾಗಿ ಬಸ್ಸಿನಲ್ಲಿ ಕೂತಿರಲಿ, ಸಿನಿಮಾ ನೋಡುತ್ತಿರಲಿ, ಎದುರಿಗೆ ಏನಾದರೂ ವೇಗವಾಗಿ ಬಂದರೆ ಆ ಕಾಲು ನೆಲವನ್ನು ಒತ್ತುತ್ತದೆ. ಮೊದಲ ದಿನದ ಪಾಠದಲ್ಲೇ ಅವರು ಹೇಳುವ ಮಾತೊಂದಿದೆ: “ರಸ್ತೆ ಯಾರಪ್ಪನ ಆಸ್ತಿಯೂ ಅಲ್ಲ. ನಿಯಮ ಮಾತ್ರ ಎಲ್ಲರಿಗೂ ಅಪ್ಪ.”

ಹೆಂಡತಿಯನ್ನು ಬೀದಿಯವರು ಕರೆಯುವುದು ಜಿಪ್ಪಕ್ಕ ಎಂದು. ಎದುರು ಸಾಲಿನಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ಬಾಗಿಲಿನಷ್ಟೇ ಅಗಲದ ಜಾಗದಲ್ಲಿ ಅವರ ಹೊಲಿಗೆ ಯಂತ್ರವಿದೆ. ಪ್ಯಾಂಟಿನ ಉದ್ದ ಕತ್ತರಿಸುವುದು, ಬ್ಯಾಗಿನ ಜಿಪ್ಪು ಹಾಕುವುದು, ಹರಿದ ಜೇಬಿಗೆ ಹೊಸ ಜೇಬು ಕೂರಿಸುವುದು ಅವರ ಕೆಲಸ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. “ಹೊಸದಕ್ಕೆ ಜನ ಕೊರತೆ ಹೇಳ್ತಾರೆ. ಹಳೇದು ಸರಿಹೋದ್ರೆ ಕೈ ಮುಗೀತಾರೆ” ಎನ್ನುತ್ತಿದ್ದರು. ಈಗ ಆ ಯಂತ್ರದ ಮೇಲೆ ಒಂದು ಹಳೆಯ ರಗ್ಗು ಹೊದಿಸಿದೆ, ಶಟರು ಎಳೆದಿದೆ. ಯಂತ್ರದ ಮೋಟರಿಗೆ ಕಾಲಿನಿಂದ ಒತ್ತುವ ಪೆಡಲು, ಒತ್ತಬೇಕಾದದ್ದು ಬಲಗಾಲು.

ಕಾಯಿಲೆಯಾದಾಗ ಆಸ್ಪತ್ರೆಯ ವೈದ್ಯರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಮೊದಲ ಆರು ತಿಂಗಳು ಮುಖ್ಯ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿ ವಿಭಾಗಕ್ಕೆ ಕರೆತಂದರೆ, ಎರಡು ಕಂಬಿಗಳ ನಡುವೆ ನಿಲ್ಲಿಸಿ, ಬೆಲ್ಟು ಕಟ್ಟಿ ನಡೆಸಿದರೆ ಕಾಲು ಬರುವ ಸಾಧ್ಯತೆ ಚೆನ್ನಾಗಿದೆ. ಮನೆಯಲ್ಲಿ ಮಾಡುವ ವ್ಯಾಯಾಮದಿಂದ ಕೀಲು ಸೆಟೆದುಕೊಳ್ಳದಂತೆ ನೋಡಿಕೊಳ್ಳಬಹುದು, ಅಷ್ಟೇ. “ಲಿಫ್ಟ್ ಇದೆ ತಾನೇ?” ಎಂದು ವೈದ್ಯರು ಕೇಳಿದಾಗ ಮೇಷ್ಟ್ರು “ಇದೆ” ಎಂದಿದ್ದರು. ಅದು ಸುಳ್ಳಲ್ಲ.

ಕಟ್ಟಡಕ್ಕೆ ನಾಲ್ಕು ಮಹಡಿ, ಮಹಡಿಗೆ ಎರಡು ಮನೆ, ಕೆಳಗೆ ಗಾಡಿ ನಿಲ್ಲಿಸುವ ಜಾಗ. ಒಂದನೇ ಮಹಡಿಯಲ್ಲಿ ಒಂದು ಬದಿಗೆ ಮೇಷ್ಟ್ರ ಮನೆ, ಇನ್ನೊಂದು ಬದಿಗೆ ಬೇಕರಿಯವರ ಮನೆ. ಕಟ್ಟಿಸಿದವನು ಲಿಫ್ಟಿಗೆಂದು ಕೆಳಗಿನಿಂದ ಮೇಲಿನವರೆಗೆ ಗುಂಡಿ ಬಿಟ್ಟಿದ್ದನೇ ಹೊರತು ಲಿಫ್ಟು ಹಾಕಿಸಿರಲಿಲ್ಲ. ಬಹಳ ವರ್ಷಗಳ ಮೇಲೆ, ಮೇಲಿನವರ ಮಂಡಿಗಳು ಸವೆದಾಗ, ಮನೆ ಮಾಲೀಕರ ಸಂಘದಲ್ಲಿ ಆ ಮಾತು ಎದ್ದಿತು. ಎಲ್ಲರೂ ಸೇರಿ ಹಾಕಿಸಿ ಎಲ್ಲರೂ ಸೇರಿ ನಿರ್ವಹಿಸಬೇಕು ಎಂಬುದು ಮೇಲಿನವರ ವಾದ.

ಆಗ ಎದ್ದು ನಿಂತವರು ಮೇಷ್ಟ್ರು. ಅಷ್ಟು ಹೊತ್ತಿಗೆ ಅವರು ಅಪಾರ್ಟ್‌ಮೆಂಟ್ ಕಾಯಿದೆಯನ್ನು ಸಂಚಾರ ನಿಯಮಗಳ ಪುಸ್ತಕದಷ್ಟೇ ಶ್ರದ್ಧೆಯಿಂದ ಓದಿಕೊಂಡಿದ್ದರು. ನಿಮ್ಮ ಗೋಡೆಯ ಒಳಗಿನದು ನಿಮ್ಮದು, ಹೊರಗಿನದು ಎಲ್ಲರದು, ಎಲ್ಲರದರಲ್ಲಿ ನಿಮಗೂ ಪಾಲುಂಟು, ಪಾಲು ಇದ್ದಷ್ಟು ಹೊಣೆಯೂ ಉಂಟು ಎಂದು ಕಟ್ಟಡದವರಿಗೆಲ್ಲ ತಿಳಿಹೇಳಿದವರೇ ಅವರು. ಆ ದಿನ ಮಾತ್ರ ಬೇರೆ ಮಾತು ಹೇಳಿದರು.

“ಹತ್ತದ ಬಸ್ಸಿಗೆ ಟಿಕೆಟ್ ಯಾಕೆ ತಗೋಬೇಕು? ನಮ್ಮ ಮನೆಗೆ ಒಂದು ಸುತ್ತು ಮೆಟ್ಟಿಲು. ನಮಗೆ ಲಿಫ್ಟು ಬೇಡ.”

ಬೇಕರಿಯವರು ಪಕ್ಕದಲ್ಲಿ ಕೂತು ತಲೆಯಾಡಿಸಿದರು. ಮೂರನೇ ಮಹಡಿಯ ಅಜ್ಜಿಯೊಬ್ಬರು, ಈಗಿಲ್ಲ, “ನಾಳೆ ವಯಸ್ಸಾದ್ರೆ ಏನು ಮಾಡ್ತೀಯಪ್ಪಾ?” ಎಂದು ಕೇಳಿದ್ದರು. “ಅಜ್ಜಿ, ದಿನವಿಡೀ ಕಾರಲ್ಲಿ ಕೂರೋನಿಗೆ ಆ ಮೆಟ್ಟಿಲೇ ವ್ಯಾಯಾಮ,” ಎಂದು ಮೇಷ್ಟ್ರು ನಕ್ಕು ಎಲ್ಲರನ್ನೂ ನಗಿಸಿದ್ದರು.

ಕೊನೆಗೆ ಒಪ್ಪಂದವಾಯಿತು. ಒಂದನೇ ಮಹಡಿಯವರು ಲಿಫ್ಟಿಗೆ ಏನೂ ಕೊಡಬೇಕಿಲ್ಲ. ಲಿಫ್ಟು ಅಲ್ಲಿ ನಿಲ್ಲುವುದೂ ಇಲ್ಲ. ಬಾಗಿಲು ಬರಬೇಕಿದ್ದ ಕಡೆ ಇಟ್ಟಿಗೆ ಕಟ್ಟಿ ಮುಚ್ಚುವುದು. ಬಾಗಿಲೇ ಇಲ್ಲದ ಮೇಲೆ ಅಲ್ಲಿನ ಪ್ಯಾಸೇಜು ಯಾರಿಗೂ ಬೇಡವಾದ್ದರಿಂದ ಅದರ ಎರಡು ಕೊನೆಗಳನ್ನು ಆ ಮಹಡಿಯ ಎರಡು ಮನೆಗಳಿಗೆ ಒಂದೊಂದಾಗಿ ಬಿಟ್ಟುಕೊಡುವುದು. ಒಂದು ಕೊನೆಯಲ್ಲಿ ಬೀದಿಗೆ ತೆರೆಯುವ ಕಿಟಕಿ ಇತ್ತು, ಇನ್ನೊಂದು ಕೊನೆಯಲ್ಲಿ ಲಿಫ್ಟಿನ ಮುಚ್ಚಿದ ಗೋಡೆ. ಓಡಾಡಿ ಕೆಲಸ ಮಾಡಿಸಿದವರು ಮೇಷ್ಟ್ರಾದ್ದರಿಂದ ಮೊದಲ ಆಯ್ಕೆ ಅವರದು. ಅವರು ಕಿಟಕಿ ಆರಿಸಿಕೊಂಡರು.

“ನನಗೆ ಗೋಡೆ ಸಿಕ್ತು ಬಿಡಿ, ಮೈದಾ ಮೂಟೆ ಒರಗಿಸೋಕೆ ಆಯ್ತು,” ಎಂದಿದ್ದರು ಬೇಕರಿಯವರು.

ಇಷ್ಟಕ್ಕೇ ಬಿಟ್ಟಿದ್ದರೆ ಮುಂದೆ ದಾರಿ ಇರುತ್ತಿತ್ತು. ಆದರೆ ಮೇಷ್ಟ್ರಿಗೆ ಇನ್ನೊಂದು ಯೋಚನೆ ಬಂತು. ಮೇಲಿನವರು ಆರು ಮನೆ, ತಾವು ಎರಡು ಮನೆ. ನಾಳೆ ಮೇಲಿನವರು ಕೈಯೆತ್ತಿ ಬಹುಮತದಿಂದ ಜಾಗವನ್ನು ವಾಪಸು ಕಿತ್ತುಕೊಂಡರೆ? ಅದಕ್ಕೆಂದು ತಾವೇ ಕೂತು ಒಂದು ಸಾಲು ಬರೆದು ಸಂಘದ ನಿಯಮಾವಳಿಗೆ, ಅಂದರೆ ಬೈಲಾಗೆ, ಸೇರಿಸಿ ನೋಂದಣಿ ಮಾಡಿಸಿದರು. ಜಾಗ ಪಡೆದವರು ತಾವಾಗಿ ಬರೆದುಕೊಡದ ಹೊರತು, ಎಷ್ಟೇ ಬಹುಮತವಿರಲಿ, ಯಾವುದೇ ಕಾರಣವಿರಲಿ, ಆ ಜಾಗವನ್ನು ಹಿಂಪಡೆಯುವಂತಿಲ್ಲ. ‘ಯಾವುದೇ ಕಾರಣವಿರಲಿ’ ಎಂಬ ಮಾತನ್ನು ಆಮೇಲೆ ನೆನಪಾಗಿ, ಎರಡನೇ ಸಲ ಟೈಪು ಮಾಡಿಸುವಾಗ ಸೇರಿಸಿದ್ದು.

ಹಲವು ವರ್ಷ ಆ ಸಾಲು ಯಾರಿಗೂ ಬೇಕಾಗಲಿಲ್ಲ. ಮೇಷ್ಟ್ರು ಕಿಟಕಿಯ ಕೊನೆಗೆ ಗೋಡೆ ಎಬ್ಬಿಸಿ ಸಣ್ಣ ಕೋಣೆ ಮಾಡಿಕೊಂಡರು. ಬೇಕರಿಯವರೂ ತಮ್ಮ ಕೊನೆಗೆ ಗೋಡೆ ಎಬ್ಬಿಸಿದರು, ಮೊದಲು ಮೈದಾ ಮೂಟೆಗೆ. ಈಚೆಗೆ ಅವರ ಮಗಳು ಗಂಡನನ್ನು ಬಿಟ್ಟು ಕೈಗೂಸಿನೊಂದಿಗೆ ತವರಿಗೆ ಬಂದಳು. ಮೂಟೆಗಳು ಬೇಕರಿಗೆ ಹೋದವು, ಆ ಜಾಗದಲ್ಲಿ ಮಂಚವೂ ತೊಟ್ಟಿಲೂ ಬಂದವು.

ಜಿಪ್ಪಕ್ಕನನ್ನು ಮೊದಲ ಸಲ ಆಸ್ಪತ್ರೆಗೆ ಇಳಿಸಿದ್ದು ಕುರ್ಚಿಯಲ್ಲಿ. ಡ್ರೈವಿಂಗ್ ಕಲಿಯಲು ಬರುವ ಇಬ್ಬರು ಗಟ್ಟಿಮುಟ್ಟಾದ ಹುಡುಗರು ಮುಂದೆ, ಮೇಷ್ಟ್ರು ಹಿಂದೆ. ಮೆಟ್ಟಿಲು ಕಿರಿದು, ತಿರುವಿನಲ್ಲಿ ಇನ್ನೂ ಕಿರಿದು. ನಾಲ್ಕಾರು ಸಲ ಹಾಗೇ ನಡೆಯಿತು. ಆಮೇಲಿನ ಸಲ ತಿರುವಿನಲ್ಲಿ ಕುರ್ಚಿಯ ಕಾಲು ಕಂಬಿಗೆ ಸಿಕ್ಕಿ ಕುರ್ಚಿ ಓರೆಯಾಯಿತು. ಜಿಪ್ಪಕ್ಕ ಬೀಳಲಿಲ್ಲ. ಸರಿಯಿದ್ದ ಎಡಗೈಯಿಂದ ಕಂಬಿಯನ್ನು ಹಿಡಿದುಕೊಂಡರು, ಮತ್ತೆ ಬಿಡಲಿಲ್ಲ. ಕೆಳಗಿನಿಂದ ಬರುತ್ತಿದ್ದವರು, ಮೇಲಿನಿಂದ ಬರುತ್ತಿದ್ದವರು ಎಲ್ಲರೂ ನಿಂತು ನೋಡಿದರು. ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು.

“ನಾನೇನು ಬೀರುನಾ, ಹೊತ್ತು ಇಳಿಸೋಕೆ ಹತ್ತಿಸೋಕೆ?” ಎಂದರು ಮನೆಗೆ ಬಂದ ಮೇಲೆ. “ಲಿಫ್ಟ್ ನಿಲ್ಲೋ ಹಾಗೆ ಮಾಡಿ, ನಾನೇ ಬರ್ತೀನಿ. ಇಲ್ದಿದ್ರೆ ಬರಲ್ಲ.”

ಅಂದಿನಿಂದ ಅವರು ಕೆಳಗಿಳಿದಿಲ್ಲ.

ಮೇಷ್ಟ್ರು ಮೊದಲು ಹೋದದ್ದು ಲಿಫ್ಟಿನ ಕಂಪನಿಯ ಎಂಜಿನಿಯರ ಬಳಿ. ಲಿಫ್ಟು ಓಡಾಡುವ ಗುಂಡಿಯ ಒಂದು ಬದಿ ತಮ್ಮ ಮಲಗುವ ಕೋಣೆಗೆ ತಾಗಿದೆಯಲ್ಲ, ಆ ಗೋಡೆಯನ್ನೇ ಒಡೆದು ಬಾಗಿಲು ಇಡಬಹುದೇ ಎಂದು ಕೇಳಿದರು. ಲಿಫ್ಟಿಗೆ ಇರುವುದು ಒಂದೇ ಬಾಗಿಲು, ಅದು ತೆರೆಯುವುದು ಪ್ಯಾಸೇಜಿನ ಕಡೆಗೆ. ನಿಲ್ಲಿಸುವುದಾದರೆ ಮೊದಲು ಮುಚ್ಚಿದ ಜಾಗದಲ್ಲೇ ನಿಲ್ಲಿಸಬೇಕು, ಇಟ್ಟಿಗೆ ತೆಗೆದರೆ ವಾರದ ಕೆಲಸ ಎಂದರು ಎಂಜಿನಿಯರು. ಇಟ್ಟಿಗೆಯ ಮುಂದೆ ಬೇಕರಿಯವರ ಮಗಳ ಮಂಚವಿತ್ತು.

ಸಂಘದ ಸಭೆ ಭಾನುವಾರ ಸಂಜೆ ನಡೆಯಿತು, ಗಾಡಿ ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಈಗಿನ ಕಾರ್ಯದರ್ಶಿ ಎರಡನೇ ಮಹಡಿಯವರು, ಎದುರಿನ ಔಷಧಿ ಅಂಗಡಿ ಅವರದೇ. ಮೇಷ್ಟ್ರು ಎದ್ದು ನಿಂತು, ಕಾಗದ ನೋಡದೆ, ವಿಷಯ ಹೇಳಿದರು. ಹಿಂದೆ ಬೇಡವೆಂದದ್ದು ತಾವೇ ಎಂದೂ ಹೇಳಿದರು. ಯಾರೂ ಹಳೆಯದನ್ನು ಕೆದಕಲಿಲ್ಲ. ಮೇಲಿನ ಆರೂ ಮನೆಯವರು ಕೈಯೆತ್ತಿದರು.

“ನಮ್ಮದೇನೂ ತಕರಾರಿಲ್ಲ ಮೇಷ್ಟ್ರೇ,” ಎಂದರು ಕಾರ್ಯದರ್ಶಿ. “ಆದ್ರೆ ನಾವೆಷ್ಟು ಕೈ ಎತ್ತಿದ್ರೂ ಒಂದೇ. ಬೇಕಾಗಿರೋದು ಒಂದೇ ಕೈ. ನೀವೇ ಬರೆದಿದ್ದೀರಲ್ಲ.”

ಬೇಕರಿಯವರು ಎರಡೂ ಕೈಗಳನ್ನು ಮಂಡಿಗಳ ಮೇಲಿಟ್ಟುಕೊಂಡು ಕೂತಿದ್ದರು. “ಯೋಚನೆ ಮಾಡ್ತೀನಿ,” ಎಂದು ಎದ್ದು ಹೋದರು. ಬೇಕರಿಯ ಕೆಲಸ ರಾತ್ರಿಯದು, ಅವರಿಗೆ ಹೊತ್ತಾಗಿತ್ತು.

ಒಂದು ವಾರ ಕಾದು ಮೇಷ್ಟ್ರು ಎದುರು ಬಾಗಿಲು ತಟ್ಟಿದರು. ಮಧ್ಯಾಹ್ನ ಕಳೆದಿತ್ತು. ಬೇಕರಿಯವರು ಆಗಷ್ಟೇ ನಿದ್ದೆಯಿಂದ ಎದ್ದು ಟೀ ಕುಡಿಯುತ್ತಿದ್ದರು. ಅವರದು ಒಂದು ಹಜಾರ, ಎರಡು ಕೋಣೆಯ ಮನೆ. ಒಂದರಲ್ಲಿ ಗಂಡಹೆಂಡತಿ, ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ, ಅಲ್ಲಿ ಇನ್ನೊಂದು ಮಂಚ ಹಿಡಿಸುವುದಿಲ್ಲ. ಮೂರನೆಯದೇ ಆ ಕೋಣೆ. ಮಾತಿಗೆ ಮೊದಲು ಅವರು ಮೇಷ್ಟ್ರನ್ನು ಅಲ್ಲಿಗೆ ಕರೆದೊಯ್ದರು. ಕಿಟಕಿ ಇಲ್ಲ, ಮಧ್ಯಾಹ್ನವೂ ದೀಪ ಉರಿಯುತ್ತಿತ್ತು. ಮಗಳು ಬಟ್ಟೆ ಮಡಿಸುತ್ತಿದ್ದವಳು ಎದ್ದು ನಿಂತಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ಗೋಡೆಯ ಹಿಂದೆ ಲಿಫ್ಟು ಹಾದುಹೋಯಿತು, ಮಗು ಕದಲಲಿಲ್ಲ.

“ಈ ಸದ್ದು ಇಲ್ದಿದ್ರೆ ಇವನು ಮಲಗೋದೇ ಇಲ್ಲ ಮಾಮ,” ಎಂದಳು ಮಗಳು. ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿ, ಬಟ್ಟೆ ತೆಗೆದುಕೊಂಡು ಆಚೆ ಹೋದಳು.

“ನೋಡಿದ್ರಲ್ಲ,” ಎಂದರು ಬೇಕರಿಯವರು.

“ನೋಡಿದೆ. ನನ್ನ ಹತ್ರ ಒಂದು ದಾರಿ ಇದೆ. ನನ್ನ ಕಿಟಕಿ ಕೋಣೆ ನಿಮಗೆ ಬರೆದುಕೊಡ್ತೀನಿ. ಗಾಳಿ ಬೆಳಕು ಎಲ್ಲ ಇದೆ. ಮಗೂಗೂ ಒಳ್ಳೇದು.”

“ಅದು ಮೆಟ್ಟಿಲಿನ ಆಚೆ ಇದೆಯಲ್ಲ ಮೇಷ್ಟ್ರೇ. ನಾನು ರಾತ್ರಿ ಮನೇಲಿರಲ್ಲ. ಅವಳ ಗಂಡ ಕುಡಿದು ಬಂದು ಎರಡು ಸಲ ಕೆಳಗೆ ಗಲಾಟೆ ಮಾಡಿದಾನೆ, ನಿಮಗೇ ಗೊತ್ತು. ಇಡೀ ಕಟ್ಟಡ ಓಡಾಡೋ ಮೆಟ್ಟಿಲಿನ ಪಕ್ಕ, ನಮ್ಮ ಬಾಗಿಲಿನ ಹೊರಗೆ, ಮಗಳನ್ನ ಒಬ್ಬಳೇ ಮಲಗಿಸಲಾ?”

“ಹಜಾರದಲ್ಲಿ...”

“ಗಂಡನ ಮನೆಯಿಂದ ಬಂದವಳನ್ನ ಹಜಾರದಲ್ಲಿ ಮಲಗಿಸಲಾ? ಬಂದವರು ಹೋದವರೆಲ್ಲ ದಾಟಿಕೊಂಡು ಹೋಗಲಿ ಅಂತಾನಾ?” ದನಿ ಏರಿರಲಿಲ್ಲ. “ಅಷ್ಟಕ್ಕೂ ನೀವು ಆ ಕಿಟಕೀನೂ ಕೊಟ್ಟುಬಿಟ್ರೆ ಅಕ್ಕ ಏನು ನೋಡ್ಕೊಂಡು ಕೂರ್ತಾರೆ?”

ಮೇಷ್ಟ್ರಿಗೆ ಅದು ಹೊಳೆದಿರಲಿಲ್ಲ. ಹಗಲೆಲ್ಲ ಜಿಪ್ಪಕ್ಕ ಕೂರುವುದು ಆ ಕಿಟಕಿಯಲ್ಲಿ. ಅಲ್ಲಿಂದ ಅಂಗಡಿಯ ಶಟರು ನೇರ ಕಾಣುತ್ತದೆ.

“ಆವತ್ತು ನೀವು ಆ ಸಾಲು ಸೇರಿಸಿದಾಗ ನಾನು ಕೇಳಿದ್ದೆ, ಇಷ್ಟು ಬಿಗಿ ಯಾಕೆ ಮೇಷ್ಟ್ರೇ ಅಂತ,” ಎಂದರು ಬೇಕರಿಯವರು. “ನೀವು ಏನು ಹೇಳಿದ್ರಿ ನೆನಪಿದೆಯಾ? ಸಡಿಲ ಬಿಟ್ರೆ ಯಾವತ್ತೋ ಒಂದಿನ ಯಾರೋ ಕಣ್ಣೀರು ಹಾಕ್ಕೊಂಡು ಬರ್ತಾರೆ, ನಮ್ಮ ಮನಸ್ಸು ಕರಗುತ್ತೆ ಅಂದ್ರಿ.”

ಮೇಷ್ಟ್ರು ಕಣ್ಣೀರು ಹಾಕಿರಲಿಲ್ಲ. ಅವರು ಕೊಟ್ಟ ಟೀ ಕುಡಿದು ಬಂದರು.

ಲಾಯರೊಬ್ಬರು ಮೇಷ್ಟ್ರ ಬಳಿ ಕಾರು ಕಲಿತಿದ್ದರು. ಮೇಷ್ಟ್ರು ಬೈಲಾ ತೆಗೆದುಕೊಂಡು ಅವರ ಕಚೇರಿಗೆ ಹೋದರು. ಲಾಯರು ಆ ಕಲಮನ್ನು ಓದಿ, ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು.

“ಯಾರು ಬರೆದದ್ದು ಇದನ್ನ? ಒಂದು ಸಂದು ಬಿಟ್ಟಿಲ್ಲ.”

“ನಾನೇ.”

ಲಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಚೆನ್ನಾಗಿ ಬರೆದಿದ್ದೀರಿ ಮೇಷ್ಟ್ರೇ,” ಎಂದರು ಆಮೇಲೆ. ದಾವೆ ಹಾಕಬಹುದು, ನಡೆಯಲಾಗದವರಿಗೆ ಕಾನೂನಿನಲ್ಲಿ ಹಕ್ಕುಗಳಿವೆ. ಆದರೆ ಎದುರಿಗಿರುವುದು ಎಳೆಗೂಸಿನ ತಾಯಿ ಮಲಗುವ ಕೋಣೆ, ಅದನ್ನು ಅವರಿಗೆ ಕೊಟ್ಟು ಬೀಗ ಹಾಕಿದವರು ದಾವೆ ಹಾಕುವವರೇ. ತೀರ್ಪು ಬರುವುದು ವರ್ಷಗಳ ಮೇಲೆ. “ವೈದ್ಯರು ಎಷ್ಟು ಟೈಮ್ ಕೊಟ್ಟಿದ್ದಾರೆ?” ಎಂದು ಕೇಳಿದರು. ಮೇಷ್ಟ್ರು ಹೇಳಿದರು. ಲಾಯರು ಬೈಲಾ ಮಡಚಿ ವಾಪಸು ಕೊಟ್ಟರು.

ಮನೆ ಮಾರಿ ಬೇರೆ ಕಡೆ ಹೋಗುವ ಯತ್ನವೂ ಆಯಿತು. ನೋಡಲು ಬಂದವರು ಲಿಫ್ಟಿನಲ್ಲಿ ಎರಡನೇ ಮಹಡಿಗೆ ಹೋಗಿ, ಅಲ್ಲಿಂದ ಇಳಿದು ಬಂದು, “ಇಲ್ಯಾಕೆ ನಿಲ್ಲಲ್ಲ?” ಎಂದು ಕೇಳುತ್ತಿದ್ದರು. ಮೇಷ್ಟ್ರು ಸುಳ್ಳು ಹೇಳುವವರಲ್ಲ, ಪೂರ್ತಿ ವಿವರಿಸುತ್ತಿದ್ದರು. ಎರಡನೇ ಸಲ ಯಾರೂ ಬರಲಿಲ್ಲ. ನೆಲಮಹಡಿಯ ಬಾಡಿಗೆ ಮನೆಗಳನ್ನೂ ಹುಡುಕಿದರು. ಆಸ್ಪತ್ರೆಯ ಹತ್ತಿರ ಒಂದು ಸಿಕ್ಕಿತ್ತು. ಕುರ್ಚಿ ಒಯ್ಯಲು ಅಗಲವಾದ ಬಾಗಿಲು, ಬಿಸಿಲು ಬೀಳುವ ಅಂಗಳ. ಮಾತು ಮುಗಿಸುವ ಹೊತ್ತಿಗೆ ಮಾಲೀಕರು ಕಾಯಿಲೆಯ ವಿಷಯ ಕೇಳಿ, ಆ ಮನೆ ತಮ್ಮ ಅಣ್ಣನಿಗೆ ಬೇಕಂತೆ ಎಂದರು. ಉಳಿದವು ಇವರ ಕೈಗೆ ಎಟುಕಲಿಲ್ಲ.

ಕಾಯಿಲೆಯಾದಾಗಿನಿಂದ ಬೇಕರಿಯವರ ಮಗಳು ಸಂಜೆ ಸಂಜೆ ಬಂದು ಜಿಪ್ಪಕ್ಕನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಸಭೆಯಾದ ಮೇಲೆ ಕೆಲವು ದಿನ ಬಂದಿರಲಿಲ್ಲ. ಒಂದು ಸಂಜೆ ಮಗುವನ್ನು ಎತ್ತಿಕೊಂಡು ಬಂದು, ಹಾಸಿಗೆಯ ಮೇಲೆ ಮಲಗಿಸಿ, ಬಾಚಣಿಗೆ ಹಿಡಿದು, ಹಿಂದೆ ನಿಂತಳು.

“ಅತ್ತೆ, ಆ ಕೋಣೆ ನನ್ನ ಹೆಸರಲ್ಲಿದ್ದಿದ್ರೆ ಆವತ್ತೇ ಬರೆದುಕೊಡ್ತಿದ್ದೆ.”

“ಕೊಡ್ತಿರಲಿಲ್ಲ ಕಣೆ,” ಎಂದರು ಜಿಪ್ಪಕ್ಕ, ತಿರುಗದೆ. “ಕೊಡಲೂಬಾರದು. ಒಂದು ಬಾಗಿಲು ಹಾಕ್ಕೊಂಡು ಅಳೋಕೆ ಒಂದು ಜಾಗ ಬೇಕು ಹೆಂಗಸಿಗೆ. ಜಡೆ ಬಿಗಿಯಾಗಿ ಹಾಕು, ನಿನ್ನೆ ಹಾಕಿದ್ದು ಸಡಿಲ ಆಗಿತ್ತು.”

ನಿನ್ನೆ ಹಾಕಿದ್ದು ಮೇಷ್ಟ್ರು. ಅವರು ಬಾಗಿಲಲ್ಲೇ ನಿಂತಿದ್ದರು.

ಅವಳು ಹೋದ ಮೇಲೆ ಮೇಷ್ಟ್ರು ಹಾಸಿಗೆಯ ಅಂಚಿನಲ್ಲಿ ಕೂತರು. “ನಾನು ಆವತ್ತು ಗೋಡೆ ಆರಿಸಿಕೊಂಡಿದ್ರೆ ಸಾಕಿತ್ತು,” ಎಂದರು.

“ಆವತ್ತು ಮನೆಗೆ ಬಂದು ಏನಂದ್ರಿ? ಬೇಕರಿಯವನಿಗೆ ಗೋಡೆ ತಗಲಿಸಿದೆ ಕಣೆ ಅಂದ್ರಿ. ನಾನೂ ನಕ್ಕಿದ್ದೆ.” ಅವರೇ ಮತ್ತೆ, “ಲೈಟ್ ಹಾಕಿ. ಕತ್ತಲಲ್ಲಿ ಕೂತ್ರೆ ಗೋಡೆ ಕರಗುತ್ತಾ?”

ಮೇಷ್ಟ್ರು ಕೆಲಸ ಬಿಟ್ಟಿಲ್ಲ. ಬೆಳಿಗ್ಗೆ ವ್ಯಾಯಾಮ ಮಾಡಿಸಿ, ತಿಂಡಿ ತಿನ್ನಿಸಿ, ಕಿಟಕಿಯ ಬಳಿ ಕೂರಿಸಿ, ನೀರು ಮತ್ತು ಫೋನು ಎಡಗೈಗೆ ಸಿಗುವಂತೆ ಇಟ್ಟು ಹೊರಡುತ್ತಾರೆ. ಕಲಿಯುವವರಿಗೆ ಈಗ ಮೊದಲಿನಷ್ಟು ಗದರುವುದಿಲ್ಲ. ಮೊನ್ನೆ ಒಬ್ಬ ಹುಡುಗಿ ತಿರುವಿನಲ್ಲಿ ಗಾಬರಿಯಾಗಿ ಸ್ಟೇರಿಂಗ್ ಬಿಟ್ಟಾಗ ಮೇಷ್ಟ್ರ ಕಾಲು ಬ್ರೇಕು ಒತ್ತಿ ಕಾರು ನಿಂತಿತು. “ಸಾರಿ ಸರ್, ನೀವಿರೋದ್ರಿಂದ ಬಚಾವಾದೆ,” ಎಂದಳು. ಮೇಷ್ಟ್ರು ಮುಂದೆ ಹೋಗುವಂತೆ ಕೈ ತೋರಿಸಿದರು. ರಸ್ತೆ ಮತ್ತು ನಿಯಮದ ಮಾತನ್ನು ಮೊದಲ ದಿನದ ಪಾಠದಿಂದ ಬಿಟ್ಟಿದ್ದಾರೆ.

ಆರು ತಿಂಗಳು ಮುಗಿದ ಮೇಲೆ ವೈದ್ಯರು ಬೇರೊಬ್ಬರ ಮನೆಗೆ ಬಂದಿದ್ದವರು ದಾರಿಯಲ್ಲಿ ಇಲ್ಲಿಗೂ ಬಂದರು. ಜಿಪ್ಪಕ್ಕನ ಪಾದ ಆಗಲೇ ಒಳಕ್ಕೆ ತಿರುಗಿತ್ತು. ಸಣ್ಣ ಸುತ್ತಿಗೆಯಿಂದ ಮಂಡಿಯನ್ನು ತಟ್ಟಿದರು, ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿದರು.

“ಇನ್ನು ಆಸ್ಪತ್ರೆಗೆ ಬರಲೇಬೇಕು ಅಂತೇನಿಲ್ಲ,” ಎಂದರು.

ಅದು ಒಳ್ಳೆಯ ಸುದ್ದಿಯೇನೋ ಎಂಬಂತೆ ಮೇಷ್ಟ್ರು ಅವರ ಮುಖ ನೋಡಿದರು. ಜಿಪ್ಪಕ್ಕ ನೋಡಲಿಲ್ಲ. ಅವರಿಗೆ ಅರ್ಥವಾಗಿತ್ತು.

ಮಾರನೆಯ ದಿನ ಅವರು ಅಂಗಡಿ ಬಿಟ್ಟುಕೊಡಲು ಹೇಳಿದರು. ಮೇಷ್ಟ್ರು ಬೇಡವೆಂದರು. ಬೀಗ ರಿಪೇರಿಯವನನ್ನು ಕಿಟಕಿಯಿಂದಲೇ ಕೂಗಿ ಕರೆದು, ಜಾಗದ ಮಾಲೀಕರಿಗೆ ತಿಳಿಸುವಂತೆ ಜಿಪ್ಪಕ್ಕನೇ ಹೇಳಿ ಕಳಿಸಿದರು. ಯಂತ್ರ ಮಾತ್ರ ಮಾರುವುದು ಬೇಡ, ಮೇಲೆ ತರಿಸಿ ಎಂದರು. ಎಡಗಾಲಲ್ಲಿ ಒತ್ತುವ ವಿಚಾರವೇ ಎಂದು ಮೇಷ್ಟ್ರು ಕೇಳಿದ್ದಕ್ಕೆ, “ಬೇರೆಯವರ ಕೈಗೆ ಹೋಗೋದು ಬೇಡ, ಅಷ್ಟೇ,” ಎಂದರು.

ಅದು ಹಳೆಯ ಕಾಲದ ಯಂತ್ರ, ಕಬ್ಬಿಣದ ಕಾಲುಗಳದ್ದು, ಒಬ್ಬರಿಂದ ಎತ್ತಲಾಗದು. ಸುದ್ದಿ ಕೇಳಿ ಬೇಕರಿಯವರು ತಾವಾಗಿಯೇ ಬಂದು, “ಹುಡುಗರನ್ನ ಕರೀಬೇಡಿ ಮೇಷ್ಟ್ರೇ, ಮೂಟೆ ಹೊತ್ತು ಅಭ್ಯಾಸ ಇರೋ ಬೆನ್ನು ಇದು,” ಎಂದರು. ಮೇಷ್ಟ್ರು ಆಗಲಿ ಎಂದರು.

ಈ ಭಾನುವಾರ ಬೆಳಿಗ್ಗೆ, ಬೇಕರಿಯವರ ಪಾಳಿ ಮುಗಿದ ಮೇಲೆ, ಇಬ್ಬರೂ ಸೇರಿ ಯಂತ್ರವನ್ನು ಮೆಟ್ಟಿಲಿನ ಮೇಲೆ ಹೊತ್ತು ತರುತ್ತಾರೆ. ಸೋಮವಾರದಿಂದ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುವವನು ಕೂರುತ್ತಾನೆ.